ಒಂದು ಕ್ಯಾಸೆಟ್ಟಿನಷ್ಟು ಹೊತ್ತು

ಮಂಡ್ಯದ ಪೇಟೆ ಬೀದಿ, ಬ್ಯಾಟರಿ ಅಂಗಡಿ.
ಸನಾವುಲ್ಲಾ ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ:
'ಎಷ್ಟು ಹೊತ್ತು ಬೇಕಮ್ಮ?'

ಹತ್ತು ನಿಮಿಷ ಸಾಕೆನ್ನುವವರೇ ಹೆಚ್ಚಂತೆ.
ಕರೆಂಟು ಹೋದರೆ ಮಾಡಿದ್ದನ್ನು ಉಳಿಸಿ,
ಕಂಪ್ಯೂಟರನ್ನು ಮರ್ಯಾದೆಯಾಗಿ ಮಲಗಿಸಿ
ಟೀ ಕುಡಿಯಲು ಎದ್ದು ಹೋಗುವ ಜನ.
ಅವರಿಗೆ ಮೇಜಿನಡಿ ಕೀಂ ಕೀಂ ಅನ್ನುವ ಪುಟ್ಟ ಡಬ್ಬ ಸಾಕು.

ನಾನು ಚೀಟಿ ಬಿಚ್ಚಿದೆ.
ಹಾಲಿನ ಲೆಕ್ಕದ ಹಿಂದುಗಡೆ, ರಾತ್ರಿ ಮೀಟರು ನೋಡಿ ಬರೆದದ್ದು:
ಗ್ರಾಫಿಕ್ಸ್ ಕಾರ್ಡು ದುಡಿಯುವಾಗ ಕಂಪ್ಯೂಟರು ಆರುನೂರ ನಲವತ್ತು,
ಎರಡು ಪರದೆಗೆ ಎಪ್ಪತ್ತು,
ಹಳೇ ವಿಸಿಆರ್, ಪಾಪ, ಇಪ್ಪತ್ತೆರಡು.

'ಒಂದು ಕೆವಿಎ ಅಂದರೆ ಸಾವಿರ ತಾನೇ? ಸಾಲದೇ?'
'ಮೇಲೆ ಬರೆಯೋದು ವಿಎ, ಒಳಗೆ ಸಿಗೋದು ವಾಟು.
ಸಾವಿರ ಅಂತ ಇದ್ರೆ ಆರುನೂರು ಅಂತ ಓದ್ಕೊಳ್ಳಿ.
ಕಬ್ಬಿನ ಲಾರಿ ತೂಕ ಹಾಕಿದ ಹಾಗೆ,
ಎಲ್ಲಾ ರಸ ಅಲ್ಲ.'

ಚೌಕದ ಅಲೆಯದ್ದೂ ಬೇಡವೆಂದ.
ಫ್ಯಾನಾದರೆ ಗೊಣಗಿಕೊಂಡು ಸುತ್ತುತ್ತದೆ,
ನಿಮ್ಮದು ಗೊಣಗುವುದಿಲ್ಲ, ಬಿದ್ದೇ ಹೋಗುತ್ತದೆ.
'ಹೊತ್ತು ಎಷ್ಟೂಂತ ಹೇಳಲೇ ಇಲ್ಲ.'

ಒಂದು ಕ್ಯಾಸೆಟ್ಟಿನಷ್ಟು, ಅಂದೆ.
ಮೂರು ಗಂಟೆ.

ಸ್ವರ್ಣಸಂದ್ರದ ನನ್ನ ಮುಂದಿನ ಕೋಣೆಗೆ
ಜನ ಮದುವೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ.
ಬೂಷ್ಟು ಹಿಡಿದ ಟೇಪು, ಒರೆಸಿ ಹಾಕಿದರೆ
ಒಂದು ಸಲ ಓಡೀತು, ಎರಡನೆಯದಕ್ಕೆ ದೇವರೇ ಗತಿ.
ನಡುವೆ ನಿಂತಿತೋ,
ವಿಸಿಆರ್ ಅದನ್ನು ಎಲೆಅಡಿಕೆಯ ಹಾಗೆ ಅಗಿಯುತ್ತದೆ.

ಕೀಲಾರದ ಚನ್ನಾಜಮ್ಮನ ಮದುವೆ, ತೊಂಬತ್ತನಾಲ್ಕು.
ಚಪ್ಪರದ ರಾತ್ರಿ, ಊಟದ ಪಂಕ್ತಿ, ಕರೆಂಟು ಹೋಗುತ್ತದೆ.
ವಿಡಿಯೋದವನು ಕ್ಯಾಮೆರಾ ಆರಿಸಲು ಮರೆತಿದ್ದಾನೆ.
ಅದರ ಬ್ಯಾಟರಿಗೆ ಗೊತ್ತಿಲ್ಲ, ಓಡುತ್ತಲೇ ಇದೆ.
ನಾಲ್ಕು ನಿಮಿಷ ಬರೀ ಕಪ್ಪು.
ಕಪ್ಪಿನೊಳಗೆ ಬಳೆ, ಕೆಮ್ಮು, ಯಾರದೋ ಕಿಸಕ್ಕನೆ ನಗು,
ಆಮೇಲೊಬ್ಬ ಹೆಂಗಸು, ಗಟ್ಟಿಯಾಗಿ:
'ಯಾರೂ ಅಳ್ಳಾಡ್‌ಬ್ಯಾಡಿ ಕಣ್ರೋ,
ಕಾಲ್ ತಾವೇ ಸಾರಿನ ತಪ್ಪಲೆ ಅದೆ!'

ನಾನದನ್ನು ಕತ್ತರಿಸಿಬಿಟ್ಟಿದ್ದೆ.
ಕತ್ತಲೆಗೆ ಯಾರು ಕಾಸು ಕೊಡುತ್ತಾರೆ?

ಚನ್ನಾಜಮ್ಮ ಪೆನ್‌ಡ್ರೈವ್ ವಾಪಸು ತಂದರು.
'ಬೆಳಕಿರೋ ಕಡೆಯೆಲ್ಲ ನಮ್ಮವ್ವ ಸೆರಗು ಕಚ್ಕಂಡ್ ಕುಂತವ್ಳೆ.
ಬಾಯಿ ಬಿಟ್ಟಿರೋದು ಅದೊಂದೇ ತಾವು.'

ಜಾಗ ಸಾಲದೆಂದು ಮೊದಲಿನ ಪ್ರತಿ ಅಳಿಸಿದ್ದೆ.
ಮತ್ತೆ ಟೇಪು ಹಾಕಿ, ಉಸಿರು ಹಿಡಿದು ಕೂತೆ.
ಕಪ್ಪು ಬಂತು. ಬಳೆ ಬಂತು.
'ಯಾರೂ ಅಳ್ಳಾಡ್‌ಬ್ಯಾಡಿ ಕಣ್ರೋ' ಬಂತು.
ಅಷ್ಟಕ್ಕೆ ಈಗಿನ ಮಂಡ್ಯದ ಕರೆಂಟು
ಆಗಿನ ಕೀಲಾರದ ಕರೆಂಟಿನ ಜೊತೆ ಹೋಯಿತು.

ಬ್ಯಾಟರಿ ಹಾಕಿದ ಟಾರ್ಚು ಬಾಯಲ್ಲಿ ಕಚ್ಚಿ
ವಿಸಿಆರಿನ ಹಲ್ಲಿನಿಂದ ಟೇಪು ಬಿಡಿಸಿದೆ, ಮೊಳದುದ್ದ, ಸುಕ್ಕು ಸುಕ್ಕು.
ಹೇಳಲು ಹೋದೆ. ಚನ್ನಾಜಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು
'ಹೋಗ್ಲಿ, ಸಾರಂತೂ ಚೆಲ್ಲಲಿಲ್ಲ ಅವತ್ತು' ಅಂದರು.

ಇದನ್ನೆಲ್ಲ ಸನಾವುಲ್ಲಾಗೆ ಹೇಳಲಿಲ್ಲ.
ಅವನು ಬರೆದ: ಎರಡು ಕೆವಿಎ, ನುಣುಪು ಅಲೆ,
ನೂರೈವತ್ತರ ಎರಡು ಬ್ಯಾಟರಿ, ಟ್ರಾಲಿ.
ನನ್ನ ಬಳಿ ಇದ್ದದ್ದು ಅರ್ಧ. ಉಳಿದದ್ದು ಮೂರು ಕಂತು.

ಗುರುವಾರ ಆಟೋದಲ್ಲಿ ಬಂದವು, ಎರಡು ಎಮ್ಮೆಕರುಗಳ ಭಾರ.
ಮಿಕ್ಸಿಯನ್ನೂ ಇದಕ್ಕೇ ಸಿಕ್ಕಿಸೋಣವೇ ಅಂದರು ಅತ್ತೆ;
ಕೈಮುಗಿದೆ.
ಪರೀಕ್ಷೆಗೆಂದು ಯಾರದೋ ನಾಮಕರಣದ ಟೇಪು ಹಾಕಿ
ಸನಾವುಲ್ಲಾ ಮೇನ್ ಇಳಿಸಿದ.
ಮನೆಯೆಲ್ಲ ಕಪ್ಪು. ವಿಸಿಆರಿನ ಹಸಿರು ಅಂಕಿ ಮಾತ್ರ
ಏನೂ ಆಗದವರ ಹಾಗೆ ಎಣಿಸುತ್ತಾ ಇತ್ತು.

ಅವನು ವೈರು ದಾಟಿ ಇತ್ತ ಬರುತ್ತಿದ್ದ.
ನನ್ನ ಬಾಯಿಂದ ತಾನಾಗಿ ಹೊರಟಿತು:
'ಯಾರೂ ಅಳ್ಳಾಡ್‌ಬ್ಯಾಡಿ ಕಣ್ರೋ!'
ಅಡುಗೆಮನೆಯಲ್ಲಿ ಅತ್ತೆಯ ಲೋಟ ನಿಂತಿತು.
ಸನಾವುಲ್ಲಾ
ಎತ್ತಿದ ಕಾಲು ಎತ್ತಿದ ಹಾಗೇ ನಿಂತ.